ಬನಹಟ್ಟಿಯ ವಾಷಿಂಗ್ ಮಷೀನು ಮತ್ತು ಸವಿತಾಳ ಕೈ

೨೦೨೨ನೆಯ ಇಸವಿಯ ಜನವರಿ. ಆಗ ನಾನು ಜಮಖಂಡಿಯಲ್ಲಿ, ಮನೆಬಳಕೆಯ ಯಂತ್ರಗಳನ್ನು ಮಾರುವ ಒಂದು ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿನ ಉಸ್ತುವಾರಿಯಾಗಿದ್ದೆ. ಈಗಲೂ ಅದೇ ಕೆಲಸ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಈ ನಾಲ್ಕೂ ತಾಲ್ಲೂಕುಗಳ ಫ್ರಿಜ್ಜು, ವಾಷಿಂಗ್ ಮಷೀನುಗಳ ಕಾಯಿಲೆ ಕಸಾಲೆಯೆಲ್ಲ ನನ್ನ ತಲೆಗೇ ಕಟ್ಟಿದ್ದು. ಕೈಕೆಳಗೆ ಮೂವರು ಮೆಕ್ಯಾನಿಕ್‌ಗಳಿದ್ದರು. ಕಬ್ಬಿನ ಹಂಗಾಮಿನಲ್ಲಿ ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಕಡೆ ಹೊರಟ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡರೆ ಅವರಿಗೆ ದಿನಕ್ಕೆ ಎರಡು ಮನೆ ಮುಗಿಸುವುದೂ ಕಷ್ಟವಾಗುತ್ತಿತ್ತು.

ನಮ್ಮ ಕೆಲಸದಲ್ಲಿ ಅತಿ ಹೆಚ್ಚು ಬೈಗುಳ ತಿನ್ನಿಸುವ ದೂರು ಒಂದೇ: ವಾರಂಟಿ ಮುಗಿದ ಕೂಡಲೇ ಮಷೀನು ಕೆಟ್ಟಿತು. ಕಂಪನಿಯವರು ಒಳಗೆ ಗಡಿಯಾರ ಕೂಡಿಸಿ, ದಿನ ನೋಡಿ ಕೆಡುವಂತೆ ಮಾಡಿರುತ್ತಾರೆ ಎಂದು ಓದಿದವರೂ ನಂಬುತ್ತಾರೆ. ಗಡಿಯಾರವೂ ಇಲ್ಲ, ಸುಡುಗಾಡೂ ಇಲ್ಲ. ವಾರಂಟಿ ಮುಗಿದು ನಾಲ್ಕು ವರ್ಷಕ್ಕೆ ಕೆಟ್ಟರೆ ಯಾರಿಗೂ ತಾರೀಖು ನೆನಪಿರುವುದಿಲ್ಲ. ಮುಂದಿನ ತಿಂಗಳೇ ಕೆಟ್ಟರೆ ಮಾತ್ರ ಅದನ್ನು ಹಿರಿಯರ ತಿಥಿಯ ಹಾಗೆ ನೆನಪಿಟ್ಟುಕೊಂಡು ನಮಗೆ ಫೋನು ಮಾಡುತ್ತಾರೆ. ಇಂಥವರಿಗಾಗಿ ಕಂಪನಿಯಲ್ಲಿ ಒಂದು ಸಣ್ಣ ಕಿಂಡಿ ಇದೆ. ಅದಕ್ಕೆ ಗುಡ್‌ವಿಲ್ ಎಂದು ಹೆಸರು. ವಾರಂಟಿ ಮುಗಿದು ಸ್ವಲ್ಪವೇ ದಿನವಾಗಿದ್ದು, ದೋಷ ಕಾರ್ಖಾನೆಯದೇ ಎಂದು ಉಸ್ತುವಾರಿಯು ಕಣ್ಣಾರೆ ನೋಡಿ ಬರೆದುಕೊಟ್ಟರೆ ಬಿಡಿಭಾಗ ಪುಕ್ಕಟೆ. ಈ ಕಿಂಡಿಯ ಸುದ್ದಿ ಗೊತ್ತಿರುವ ಮನೆಗಳಲ್ಲಿ ನನಗೆ ಚಹಾದ ಜೊತೆ ಅವಲಕ್ಕಿಯೂ ಬರುತ್ತದೆ.

ಬನಹಟ್ಟಿಯ ಮಹಾದೇವಪ್ಪನವರು ಫೋನು ಮಾಡಿದ್ದು ಆ ಸುದ್ದಿ ತಿಳಿದುಕೊಂಡೇ. ಪವರ್‌ಲೂಮ್ ಇಟ್ಟುಕೊಂಡು ಸೀರೆ ನೇಯಿಸುವ ಮನೆತನ. ವಾಷಿಂಗ್ ಮಷೀನು ಸುಟ್ಟ ವಾಸನೆ ಬಂದು ನಿಂತಿದೆ, ವಾರಂಟಿ ಮುಗಿದು ಇನ್ನೂ ಎರಡೇ ತಿಂಗಳಾಗಿದೆ, ಖರೆ ಹೇಳಬೇಕೆಂದರೆ ಮುಗಿದೇ ಇಲ್ಲ ಎಂಬುದು ಅವರ ವಾದ. ನಡೆದದ್ದು ಇಷ್ಟು. ಅವರ ಮಗ ಈರಣ್ಣನಿಗೆ ಬೀಳಗಿ ತಾಲ್ಲೂಕಿನ ಅನಗವಾಡಿಯ ಸವಿತಾ ಎಂಬ ಹುಡುಗಿಯನ್ನು ಗೊತ್ತುಮಾಡಿದ್ದರು. ಹುಡುಗಿಯ ತಂದೆ ಸಂಗಪ್ಪ ೨೦೧೯ರ ದೀಪಾವಳಿಯ ಆಫರ್‌ನಲ್ಲಿ ಮಗಳಿಗೆಂದು ಈ ಮಷೀನು ಕೊಂಡಿಟ್ಟ. ಅಷ್ಟರಲ್ಲಿ ಲಾಕ್‌ಡೌನ್ ಬಂದು ಲಗ್ನ ಮುಂದಕ್ಕೆ ಹೋಯಿತು. ಹೊಸ ಸಾಮಾನನ್ನು ಮದುಮಗಳು ಗಂಡನ ಮನೆಯ ಹೊಸ್ತಿಲು ದಾಟಿದ ಮೇಲೆಯೇ ಬಿಚ್ಚುವುದು ಅವರಲ್ಲಿ ವಾಡಿಕೆ. ಹೀಗಾಗಿ ಡಬ್ಬಿ ಒಂದು ವರ್ಷಕ್ಕೂ ಮಿಕ್ಕಿ ಅರಿಷಿಣ ಕುಂಕುಮ ಹಚ್ಚಿಸಿಕೊಂಡು ಅನಗವಾಡಿಯ ಪಡಸಾಲೆಯಲ್ಲಿ ಕುಳಿತಿತ್ತು. ಎರಡು ವರ್ಷದ ವಾರಂಟಿ ಮಾತ್ರ ಬಿಲ್ಲಿನ ದಿನದಿಂದಲೇ ಓಡುತ್ತಿತ್ತು.

"ಡಬ್ಬಿ ಒಡದ ದಿನದಿಂದ ಎಣಸ್ರಿ ಸಾಹೇಬ್ರ, ನಿಮ್ಮದೇನ ಹೊಕ್ಕತಿ?" ಎಂದರು ಮಹಾದೇವಪ್ಪ.

"ಮನುಷ್ಯಾನ ವಯಸ್ಸ ಹುಟ್ಟಿದ ದಿನದಿಂದ ಎಣಸ್ತೀರೋ, ಲಗ್ನ ಆದ ದಿನದಿಂದೋ?" ಎಂದೆ. ಅವರು ನಕ್ಕು, ಹಾಗಾದರೆ ಗುಡ್‌ವಿಲ್ ಮಾಡಿಕೊಡಲು ನೀವೇ ಬರಬೇಕು ಎಂದರು. ಮರುದಿನ ಹೋದೆ.

ಬನಹಟ್ಟಿಯಲ್ಲಿ ಮನೆ ಹುಡುಕಲು ವಿಳಾಸ ಸಾಲದು, ಕಿವಿ ಬೇಕು. ಓಣಿಯಲ್ಲಿ ಎಲ್ಲ ಮನೆಯಿಂದಲೂ ಮಗ್ಗದ ಸದ್ದು ಬರುತ್ತಿರುತ್ತದೆ, ಎಷ್ಟು ಮಗ್ಗದ ಮನೆ ಎಂದು ಸದ್ದಿನಲ್ಲೇ ತಿಳಿಯಬೇಕು. ಮಹಾದೇವಪ್ಪನವರ ಮನೆಗೂ ಮಗ್ಗದ ಶೆಡ್ಡಿಗೂ ನಡುವೆ ಒಂದೇ ಗೋಡೆ. ಎಂಟು ಮಗ್ಗ ಒಟ್ಟಿಗೆ ಬಡಿಯುತ್ತಿದ್ದರೆ ಆ ಗೋಡೆಯ ಗೂಡಿನಲ್ಲಿಟ್ಟ ಸ್ಟೀಲ್ ಲೋಟಗಳು ಒಂದೇ ಸಮನೆ ಕುಣಿಯುತ್ತಿದ್ದವು. ಮಹಾದೇವಪ್ಪ ಹಣೆ ತುಂಬ ವಿಭೂತಿಯ, ಮೆಲುಮಾತಿನ ಮನುಷ್ಯ. ಹೆಂಡತಿ ಗೌರವ್ವ ಸೊಂಟದಲ್ಲಿ ಕೀಲಿಕೈ ಗೊಂಚಲು ಸಿಕ್ಕಿಸಿಕೊಂಡು ಮನೆಯ ನಡುವೆ ನಿಂತಿದ್ದಳು. ಮಗ ಈರಣ್ಣ ಕೂದಲಲ್ಲಿ ನೂಲಿನ ಧೂಳು ಮೆತ್ತಿಕೊಂಡು ಬಂದು ಬಾಗಿಲ ಚೌಕಟ್ಟಿಗೆ ಒರಗಿದ. ಅಡಿಗೆಮನೆಯ ಹೊಸ್ತಿಲಲ್ಲಿ ಸೊಸೆ ಸವಿತಾ ಇದ್ದಳು. ಇಪ್ಪತ್ತೆರಡು ಇಪ್ಪತ್ಮೂರರ ಹುಡುಗಿ. ಸೆರಗು ಸಿಕ್ಕಿಸಿದ ಸೊಂಟ ಪೂರ್ತಿ ಒದ್ದೆ. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದವಳು ಎದ್ದು ಬಂದಿರಬೇಕು.

ಮಷೀನು ಬಚ್ಚಲಿನ ಪಕ್ಕದ ಓಣಿಯಂಥ ಜಾಗದಲ್ಲಿತ್ತು. ಸ್ವಿಚ್ಚಿಗೆ ಅವಳೇ ಹತ್ತಿರ ಇದ್ದದ್ದರಿಂದ "ಸ್ವಿಚ್ ಹಾಕವ್ವ, ನೋಡೂಣು" ಎಂದೆ. ಅವಳು ಕೈ ಎತ್ತಿದಳೋ ಇಲ್ಲವೋ, ಗೌರವ್ವ ಒಂದೇ ಕೂಗು ಹಾಕಿದಳು.

"ಏ, ಮುಟ್ಟಬ್ಯಾಡ!"

ನಾನೇ ಬೆಚ್ಚಿಬಿದ್ದೆ. ಗೌರವ್ವ ನನ್ನನ್ನು ದೂಡಿಕೊಂಡಂತೆ ಬಂದು ತಾನೇ ಸ್ವಿಚ್ ಹಾಕಿ, ಸೆರಗಿನಿಂದ ಬೆರಳು ಒರೆಸಿಕೊಂಡಳು. ಆಮೇಲೆ, ಮನೆಯ ಬಾವಿಯ ನೀರು ಸವಳು ಎಂದು ಹೇಳುವಷ್ಟೇ ಸಲೀಸಾಗಿ ನನಗೆ ವಿವರಿಸಿದಳು.

"ಆಕೀ ಕೈ ಛಲೋ ಇಲ್ರಿ. ನಮ್ಮ ಮನಿಗೆ ಬಂದ ಮ್ಯಾಲ ಮೊದಲ ಮಿಕ್ಸರ್ ಸುಡ್ತು. ಆಮ್ಯಾಲ ಟಿ.ವಿ. ಈಗ ಇದು. ಮೂರೂ ಆಕೀ ಕೈಯಾಗನ ಹೋದುವು. ಕರೆಂಟಿಗೆ ಆಗಿಬರಂಗಿಲ್ಲ ಆಕಿಗೆ."

ಸೊಸೆ ಮುಟ್ಟಬಾರದವುಗಳ ಯಾದಿಯೇ ಇತ್ತು. ದೀಪದ ಸ್ವಿಚ್ಚು, ಫ್ಯಾನು, ಗಂಡನ ಮೊಬೈಲಿನ ಚಾರ್ಜರು ಯಾವುದನ್ನೂ ಮುಟ್ಟುವಂತಿಲ್ಲ. ಮೊದಲು ಮಗ್ಗದ ಲಾಳಿಗೆ ಬೇಕಾದ ನೂಲಿನ ಕಂಡಿಕೆ ಸುತ್ತಿ ಶೆಡ್ಡಿಗೆ ಒಯ್ದು ಕೊಡುತ್ತಿದ್ದಳಂತೆ. ಒಂದು ದಿನ ಅವಳು ಒಳಗೆ ಹೋದಾಗಲೇ ಒಂದು ಮಗ್ಗದ ಮೋಟರು ನಿಂತಿತು. ಅಂದಿನಿಂದ ಶೆಡ್ಡಿನ ಹೊಸ್ತಿಲೂ ಬಂದ್. ಸಂಜೆಯಾದರೆ ಯಾರಾದರೂ ಬಂದು ದೀಪ ಹಾಕುವ ತನಕ ಅವಳು ಕತ್ತಲಲ್ಲೇ ರೊಟ್ಟಿ ಬಡಿಯಬೇಕು. ಓಣಿಯ ಹೆಂಗಸರು ಅವಳಿಗೆ ಫ್ಯೂಜು ಎಂದೇ ಹೆಸರಿಟ್ಟಿದ್ದರು. ಇದನ್ನು ಹೇಳಿ ಗೌರವ್ವ ನಕ್ಕಳು. ಈರಣ್ಣನೂ ನಕ್ಕ. ಹೆಂಡತಿ ಎದುರಿಗೇ ನಿಂತಿದ್ದಾಳೆ, ಅವನಿಗೆ ನಗು ಬಂತು! ನನಗೆ ಅವನ ಕಪಾಳಕ್ಕೆ ಒಂದು ಬಿಗಿಯಬೇಕು ಎನ್ನಿಸಿತು.

"ಇದೊಂದು ನೀವು ನೋಡ್ರಿ ಅಂತ ಕಾಯಾಕತ್ತೇವಿ" ಎಂದಳು ಗೌರವ್ವ. "ಮಷೀನ್‌ದ ತಪ್ಪಿದ್ರ ಸರಿ. ಮಷೀನ್ ಛಲೋ ಐತಿ ಅಂದ್ರಿ ಅಂದ್ರ, ಮುಂದಿನ ಸೋಮಾರ ಆಕಿನ್ನ ಅನಗವಾಡಿಗೆ ಬಿಟ್ಟು ಬರೂದು. ಇನ್ನ ನನ್ನ ಮಗ್ಗ ಸುಡೂ ತನಕ ಇಟಗೊಂಡ ಕುಂಡ್ರೂದಿಲ್ಲ."

ನನಗೆ ವಿಷಯ ಆಗ ತಿಳಿಯಿತು. ಕಂಪನಿಗೆ ಹೇಳಲು ಒಂದು ಕಾರಣ, ಮನೆಯೊಳಗೆ ಹೇಳಲು ಇನ್ನೊಂದು ಕಾರಣ. ನನ್ನೆದುರು ಮಷೀನು ಕೆಟ್ಟದ್ದು, ಹುಡುಗಿಯ ಎದುರು ಅವಳ ಕೈ ಕೆಟ್ಟದ್ದು. ಎರಡರಲ್ಲಿ ಯಾವುದಾದರೂ ಒಂದು ಕೂಡಿಬಂದರೆ ಅವರಿಗೆ ಲಾಭವೇ. ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ವಕೀಲರ ಬಾಯಿ ನೋಡುವವರು ಹಾಗೆ ನೋಡುವುದನ್ನು ಕೋರ್ಟಿನಲ್ಲಿ ಕಂಡಿದ್ದೇನೆ.

ಸ್ವಿಚ್ ಹಾಕಿದರೂ ಮಷೀನು ಮಿಸುಕಿರಲಿಲ್ಲ. ಪ್ಲಗ್ಗು ಕಿತ್ತು ಮೇಲಿನ ಮುಚ್ಚಳ ಬಿಚ್ಚಿದೆ. ಒಳಗೆ ಪಿ.ಸಿ.ಬಿ. ಎಂಬ ಒಂದು ಹಲಗೆ ಇರುತ್ತದೆ. ಮಷೀನಿಗೆ ಯಾವಾಗ ತಿರುಗಬೇಕು, ಯಾವಾಗ ನಿಲ್ಲಬೇಕು ಎಂದು ಹೇಳುವ ಮಿದುಳು ಅದು. ಆ ಹಲಗೆಯ ಬಾಯಲ್ಲಿ ನಾಲ್ಕಾಣೆಯಷ್ಟು ಅಗಲದ ಒಂದು ನೀಲಿ ಬಿಲ್ಲೆಯನ್ನು ಕಾವಲಿಗೆ ಇಟ್ಟಿರುತ್ತಾರೆ. ವೋಲ್ಟೇಜು ಮಿತಿ ಮೀರಿ ಬಂದರೆ ಮೊದಲು ಅದು ಒಡೆದುಹೋಗಬೇಕು. ಅದು ಒಡೆದು ಎರಡು ಹೋಳಾಗಿತ್ತು, ಹಲಗೆಯೂ ಕಪ್ಪಾಗಿತ್ತು. ಕಾರ್ಖಾನೆಯ ದೋಷವಾಗಿದ್ದರೆ ಬಿಲ್ಲೆ ಒಡೆಯುವುದಿಲ್ಲ. ಹೊರಗಿನಿಂದ ಹೆಚ್ಚಿನ ಕರೆಂಟು ಬಂದಿತ್ತು.

ಮಲ್ಟಿಮೀಟರಿನ ಕಡ್ಡಿಗಳನ್ನು ಪ್ಲಗ್ಗಿನ ತೂತಿಗೆ ಹಿಡಿದು ಕುಳಿತೆ. ಇನ್ನೂರ ಮೂವತ್ತರ ಆಸುಪಾಸು ತೋರಿಸಬೇಕಾದ ಮೀಟರು ಸುಮ್ಮನೆ ಇನ್ನೂರ ಎಂಬತ್ತಕ್ಕೆ ಏರಿತು, ಇಳಿಯಿತು, ಮತ್ತೆ ಮುನ್ನೂರು ದಾಟಿತು. ಗೋಡೆಯಾಚೆ ಮಗ್ಗಗಳು ಜೋರಾದಾಗ ಕುಣಿತ ಹೆಚ್ಚು. ವೈರಿನ ಬೆನ್ನು ಹತ್ತಿ ಹೋದೆ. ಅದು ಮನೆಯ ಮೀಟರಿಗೆ ಹೋಗಲೇ ಇಲ್ಲ. ಗೋಡೆಯ ತೂತಿನಿಂದ ಶೆಡ್ಡಿಗೆ ನುಗ್ಗಿ, ಮಗ್ಗಗಳ ತ್ರೀಫೇಸ್ ಲೈನಿಗೆ ಕೂಡಿಕೊಂಡಿತ್ತು. ಪವರ್‌ಲೂಮಿಗೆ ಸರಕಾರ ಕಡಿಮೆ ದರದಲ್ಲಿ ಕರೆಂಟು ಕೊಡುತ್ತದೆ. ಅದನ್ನೇ ಸದ್ದಿಲ್ಲದೆ ಮನೆಗೂ ಎಳೆದುಕೊಂಡಿದ್ದರು.

ಕೂಡಿಸಿದ ಜಾಗ ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನ್ಯೂಟ್ರಲ್ ತಂತಿಯನ್ನು ಸ್ಕ್ರೂ ಹಾಕಿ ಬಿಗಿದಿರಲಿಲ್ಲ, ಟೇಪೂ ಸುತ್ತಿರಲಿಲ್ಲ. ಹರಿದ ಎಳೆಯನ್ನು ಮಗ್ಗದ ಮೇಲೆಯೇ ಕೂಡಿಸಲು ನೇಕಾರರು ಹಾಕುವ ಸಣ್ಣ ಗಂಟು ಇದೆಯಲ್ಲ, ಅದೇ ಗಂಟನ್ನು ತಾಮ್ರದ ತಂತಿಗೆ ಹಾಕಿ, ಮೇಲೆ ಸೀರೆಯ ದಾರ ಸುತ್ತಿ ಬಿಗಿದಿದ್ದರು.

"ನಾನಽ ಹಾಕಿದ್ದು" ಎಂದರು ಮಹಾದೇವಪ್ಪ. "ನಮ್ಮ ಗಂಟು ಸೀರಿ ಹರದ್ರೂ ಬಿಚ್ಚಂಗಿಲ್ಲ."

ಎಳೆಗೆ ಆ ಗಂಟು ಸಾಕು. ತಂತಿಗೆ ಸಾಲದು. ಮೂರು ಫೇಸಿನ ಲೈನಿನಲ್ಲಿ ಕರೆಂಟನ್ನು ಹದ್ದಿನಲ್ಲಿ ಇಡುವುದು ನ್ಯೂಟ್ರಲ್ ತಂತಿ. ಅದು ಸಡಿಲಾದರೆ, ಶೆಡ್ಡಿನ ದೀಪ ಫ್ಯಾನುಗಳಿಗೆ ಹೋಗಬೇಕಾದದ್ದೂ ಸೇರಿಕೊಂಡು ಮನೆಯ ಸಾಮಾನಿನ ಮೇಲೆ ಬೀಳುತ್ತದೆ. ಎಂಟು ಮಗ್ಗಗಳು ವರ್ಷಗಟ್ಟಲೆ ಗೋಡೆಯನ್ನು ನಡುಗಿಸಿ ಗಂಟನ್ನು ಸಡಿಲು ಮಾಡಿದ್ದವು. ಮಿಕ್ಸರು, ಟಿ.ವಿ., ಮಷೀನು ಮೂರೂ ಹೋಗಿದ್ದು ಇದರಿಂದಲೇ. ಹಗಲೆಲ್ಲ ಮನೆಮಂದಿ ಶೆಡ್ಡಿನಲ್ಲಿರುತ್ತಾರೆ, ಗೌರವ್ವ ಕಟ್ಟೆಯ ಮೇಲಿರುತ್ತಾಳೆ. ಮನೆಯೊಳಗೆ ದುಡಿಯುವವಳು ಸವಿತಾ ಒಬ್ಬಳೇ. ಸುಡುವುದು ಅವಳ ಕೈಯಲ್ಲಿ ಸುಡದೆ ಇನ್ನಾರ ಕೈಯಲ್ಲಿ ಸುಡಬೇಕು?

ನಾಲ್ಕೂ ಜನರನ್ನು ಕರೆದು ಇದನ್ನೇ ದೊಡ್ಡ ದನಿಯಲ್ಲಿ ಹೇಳಿದೆ. ಮೀಟರಿನ ಕುಣಿತ ತೋರಿಸಿದೆ. ಮಗ್ಗ ಬಂದ್ ಮಾಡಿಸಿ, ರಬ್ಬರ್ ಹಿಡಿಯ ಪಕ್ಕಡಿನಿಂದ ಗಂಟು ಒತ್ತಿ ಹಿಡಿದು, ಕುಣಿತ ನಿಂತದ್ದನ್ನೂ ತೋರಿಸಿದೆ. ಆಗ ಸವಿತಾ ಮೊದಲ ಸಲ ಬಾಯಿ ಬಿಟ್ಟಳು.

"ಸಾಹೇಬ್ರ, ಅದರಾಗ ನನ್ನ ಕೈ ನೋಡಾಕ ಬರ್ತೈತೇನ್ರಿ?"

ಕುಚೋದ್ಯವೋ ಆಸೆಯೋ ನನಗೆ ಗೊತ್ತಾಗಲಿಲ್ಲ. ಮೀಟರಿನ ಎರಡೂ ಕಡ್ಡಿ ಅವಳ ಎರಡು ಕೈಗೆ ಕೊಟ್ಟೆ. ಮೀಟರು ಸೊನ್ನೆ ತೋರಿಸಿತು. "ನೋಡವ್ವ, ಏನೂ ಇಲ್ಲ. ನಿನ್ನ ಕೈಯಾಗ ಕರೆಂಟಿದ್ರ ಮಹಾದೇವಪ್ಪನವರು ಮಗ್ಗಾ ನಿನಗಽ ಕೂಡಸ್ತಿದ್ರು" ಎಂದೆ. ಅವಳು ಬಾಯಿ ತುಂಬ ನಕ್ಕಳು.

"ಹಲ್ಲ ಕಿಸೀಬ್ಯಾಡ" ಎಂದಳು ಗೌರವ್ವ. ನಂತರ ನನ್ನ ಕಡೆ ತಿರುಗಿ ಕೇಳಿದಳು: "ಆಕಿ ಬರೂಕಿಂತ ಮೊದಲೂ ಆ ವೈರ್ ಇತ್ತಲ್ರಿ? ಆವಾಗ ಯಾಕ ಏನೂ ಸುಡಲಿಲ್ಲ?"

"ಗಂಟು ಒಂದ ದಿನಕ್ಕ ಸಡಲಂಗಿಲ್ಲವ್ವ."

"ಹಾಂ. ಆಕಿ ಬಂದ ಮ್ಯಾಲ ಸಡಲಿತು. ನಾನೂ ಅದನ್ನಽ ಹೇಳಾಕತ್ತೀನಿ."

ಇದಕ್ಕೆ ಯಾವ ಎಂಜಿನಿಯರಿಂಗ್ ಕಾಲೇಜಿನಲ್ಲೂ ಉತ್ತರ ಕಲಿಸುವುದಿಲ್ಲ. ನಾನು ಮಹಾದೇವಪ್ಪನವರ ಮುಖ ನೋಡಿದೆ. ಅವರಿಗೆ ಆಶ್ಚರ್ಯವಾಗಿದ್ದಂತೆ ಕಾಣಲಿಲ್ಲ. ಮೆಲ್ಲಗೆ ನನ್ನ ರಟ್ಟೆ ಹಿಡಿದು ಶೆಡ್ಡಿನ ಮುಂದಿನ ಕಟ್ಟೆಗೆ ಕರೆದೊಯ್ದರು.

"ಗೊತ್ತೈತ್ರಿ ನನಗ" ಎಂದರು. "ಟಿ.ವಿ. ಸುಟ್ಟಾಗ ಬಂದ ಮೆಕ್ಯಾನಿಕ್ ಇದನ್ನಽ ಹೇಳಿದ್ದ."

"ಗೊತ್ತಿದ್ದೂ ಆ ಹುಡುಗಿನ್ನ ಹಿಂಗ ಇಟ್ಟೀರೇನು?"

"ವೈರ್ ತಗದ್ರ ತಿಂಗಳಾ ಮನೀ ಬಿಲ್ ಬರ್ತೈತಿ. ಸೊಸಿಗೆ ಎರಡ ಮಾತ ಬೈದ್ರ ಯಾವ ಬಿಲ್ಲೂ ಬರಂಗಿಲ್ಲಲ್ರಿ."

ಇದನ್ನು ಅವರು ಪಿಸುದನಿಯಲ್ಲಿ ಹೇಳಲಿಲ್ಲ, ತಪ್ಪು ಎಂಬ ಮುಜುಗರವೂ ಇರಲಿಲ್ಲ. ವ್ಯಾಪಾರದ ಗುಟ್ಟನ್ನು ಇನ್ನೊಬ್ಬ ವ್ಯಾಪಾರಿಗೆ ಹೇಳುವ ಸಲಿಗೆಯಿತ್ತು. ವಿಭೂತಿಯ ಹಣೆ, ಸಣ್ಣ ನಗು. ಇಷ್ಟು ವರ್ಷ ಊರೂರು ತಿರುಗಿ ಬೈಸಿಕೊಂಡಿದ್ದೇನೆ, ಮೇಲೆ ಕೈ ಮಾಡಲು ಬಂದವರನ್ನೂ ಕಂಡಿದ್ದೇನೆ. ಇಷ್ಟು ತಣ್ಣನೆಯ ಮನುಷ್ಯನನ್ನು ಕಂಡಿರಲಿಲ್ಲ. ನನಗೆ ಮೈ ಉರಿಯಿತು. ಆದರೆ ಉಸ್ತುವಾರಿಯ ಅಧಿಕಾರ ಮಷೀನಿನ ಮುಚ್ಚಳದಾಚೆ ಎಷ್ಟು ನಡೆಯುತ್ತದೆ? ಇದ್ದ ಅಧಿಕಾರವನ್ನಷ್ಟು ಚಲಾಯಿಸಿದೆ. ಗುಡ್‌ವಿಲ್ ಸಿಗುವುದಿಲ್ಲ ಎಂದೆ. ಬೋರ್ಡು ರೊಕ್ಕ ಕೊಟ್ಟೇ ಹಾಕಿಸಿಕೊಳ್ಳಬೇಕು. ಶೆಡ್ಡಿನ ವೈರು ನನ್ನ ಕಣ್ಣೆದುರೇ ಕತ್ತರಿಸಿ, ಮನೆಯ ಮೀಟರಿನಿಂದ ಬೇರೆ ಲೈನು ಎಳೆದು, ನೆಲದಲ್ಲಿ ಸರಿಯಾದ ಅರ್ಥಿಂಗ್ ಮಾಡಿಸದಿದ್ದರೆ ಬೋರ್ಡು ಹಾಕುವುದೇ ಇಲ್ಲ. ಅರ್ಥಿಂಗ್ ಎಂದರೆ ದಾರಿ ತಪ್ಪಿದ ಕರೆಂಟು ಮನುಷ್ಯನ ಮೈಗೆ ಬಾರದೆ ಮಣ್ಣಿಗೆ ಇಳಿಯುವ ದಾರಿ. "ಇವತ್ತು ಬೋರ್ಡ್ ಸುಟ್ಟೈತಿ. ಹಿಂಗಽ ಬಿಟ್ರ ನಾಳೆ ಮಂದಿ ಸಾಯ್ತಾರ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ.

ಮಹಾದೇವಪ್ಪ ಒಪ್ಪಿದರು. ಮುಂದಿನ ವಾರ ಹೋದಾಗ ಎಲ್ಲ ನಾನು ಹೇಳಿದಂತೆಯೇ ಆಗಿತ್ತು. ಈರಣ್ಣ ನನ್ನೆದುರೇ ಪಕ್ಕಡ್ ಹಿಡಿದು ಹಳೆಯ ವೈರು ತುಂಡು ಮಾಡಿದ. ಹೊಸ ಬೋರ್ಡು ಕೂಡಿಸಿದೆ. ಹೊಸ ಬಿಡಿಭಾಗಕ್ಕೆ ಮೂರು ತಿಂಗಳ ವಾರಂಟಿ ಇರುತ್ತದೆ ಎಂದು ತಿಳಿಸಿದೆ. ಸವಿತಾಳನ್ನು ಅನಗವಾಡಿಗೆ ಕಳಿಸುವ ಮಾತನ್ನು ಗೌರವ್ವ ಬಿಟ್ಟಳು. ಬೇರೆ ಏನನ್ನೂ ಬಿಡಲಿಲ್ಲ. ಒದ್ದೆ ಬಟ್ಟೆ ಹೊರುವುದು, ಹಿಂಡುವುದು, ಒಣಹಾಕುವುದು ಸೊಸೆ. ಸ್ವಿಚ್ಚು ಒತ್ತುವುದು, ಮುಚ್ಚಳ ತೆಗೆಯುವುದು ಅತ್ತೆ ಎಂದು ಕೆಲಸ ಹಂಚಿಕೆಯಾಗಿತ್ತು. ನಾನು ಹೊರಡುವಾಗ ಸವಿತಾ ಒಂದು ತಂಬಿಗೆ ನೀರು ತಂದುಕೊಟ್ಟು "ಸೋಮಾರ ಹೋಯ್ತು ನೋಡ್ರಿ" ಎಂದಳು. ಅವಳಿಗೆ ಅಷ್ಟೇ ಸಾಕಿತ್ತು.

ಯುಗಾದಿಗೆ ಸ್ವಲ್ಪ ಮೊದಲು ಈರಣ್ಣನ ಫೋನು ಬಂತು.

"ಸಾಹೇಬ್ರ, ಅವ್ವ ಹೋದಳ್ರಿ. ಮಷೀನ್ ಹಿಡದು."

ಪೊಲೀಸರು ಬಂದು ಪಂಚನಾಮೆ ಮಾಡಿಕೊಂಡು ಹೋಗಿದ್ದರು. ಕಂಪನಿಯ ಮಷೀನಿನಿಂದ ಸಾವು ಎಂದಾಗ ಮೇಲಿನವರು ನನ್ನಿಂದ ವರದಿ ಕೇಳಿದರು. ಮಣ್ಣಾದ ಮೂರನೆಯ ದಿನ ಹೋದೆ. ಮಗ್ಗಗಳು ನಿಂತಿದ್ದವು. ಆ ಮನೆಯಲ್ಲಿ ಮನುಷ್ಯರು ಉಸಿರಾಡುವುದು ನನಗೆ ಕೇಳಿಸಿದ್ದು ಅವತ್ತೇ.

ಮಷೀನಿನ ಬೋರ್ಡು, ಮೋಟರು, ಒಳಗಿನ ತಂತಿ ಎಲ್ಲ ನೆಟ್ಟಗಿದ್ದವು. ಮಷೀನಿನ ಪಕ್ಕದ ಗೋಡೆಯಲ್ಲಿ, ಕೈಚಾಚಿದರೆ ಸಿಗುವಷ್ಟು ಹತ್ತಿರ, ಹೊಸದೊಂದು ಚೇಂಜ್‌ಓವರ್ ಹಾಕಿದ್ದರು. ಅದು ಹಿಡಿಕೆಯಿರುವ ದೊಡ್ಡ ಸ್ವಿಚ್ಚು. ಹಿಡಿಕೆಯನ್ನು ಮೇಲಕ್ಕೆ ಎತ್ತಿದರೆ ಮನೆಯ ಮೀಟರಿನ ಕರೆಂಟು, ಕೆಳಕ್ಕೆ ಇಳಿಸಿದರೆ ಶೆಡ್ಡಿನ ಕರೆಂಟು, ನಡುವೆ ನಿಲ್ಲಿಸಿದರೆ ಎಲ್ಲ ಬಂದ್. ಈರಣ್ಣ ನನ್ನೆದುರು ಕತ್ತರಿಸಿದ್ದ ವೈರನ್ನು ಮಹಾದೇವಪ್ಪ ಮತ್ತೆ ಕೂಡಿಸಿದ್ದರು. ಕೂಡಿಸಿದ್ದು ಅದೇ ಗಂಟಿನಿಂದ. ಶೆಡ್ಡಿನಿಂದ ಬರುವುದು ಎರಡೇ ತಂತಿ, ಮಷೀನಿಗೆ ಬೇಕು ಮೂರು. ಹಾಗಾಗಿ ಅರ್ಥಿಂಗ್ ತಂತಿಯನ್ನು ನೆಲದಿಂದ ಬಿಚ್ಚಿ ನ್ಯೂಟ್ರಲ್ಲಿಗೇ ಸೇರಿಸಿ ಕಟ್ಟಿದ್ದರು. ಹೀಗೆ ಕಟ್ಟಿದಾಗ ನ್ಯೂಟ್ರಲ್ ಬಿಟ್ಟುಹೋದರೆ ಮಷೀನಿನ ತಗಡಿನ ಮೈಯೇ ಕರೆಂಟಾಗುತ್ತದೆ. ಮಗ್ಗ ನಡುಗಿತು, ಗಂಟು ಬಿಟ್ಟಿತು. ಗೌರವ್ವ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಮಷೀನಿನ ಮೇಲೆ ಕೈಯಿಟ್ಟಿದ್ದಳು.

ಮಹಾದೇವಪ್ಪ ನನ್ನ ಹಿಂದೆಯೇ ನಿಂತಿದ್ದರು. ಅವರು ಕೇಳಿದ್ದನ್ನು ನಾನು ಇನ್ನೊಬ್ಬರ ಬಾಯಿಂದ ಕೇಳಿದ್ದರೆ ನಂಬುತ್ತಿರಲಿಲ್ಲ.

"ನೀವು ಹಾಕಿದ ಬೋರ್ಡಿಗೆ ಇನ್ನಾ ವಾರಂಟಿ ಐತ್ಯಲ್ರಿ? ಬೋರ್ಡಿಂದಽ ಆತು ಅಂತ ಬರದ್ರ ಕಂಪನಿ ಏನರೆ ಕೊಡತೈತೇನು?"

"ಬೋರ್ಡ್ ನೆಟ್ಟಗೈತಿ. ನಿಮ್ಮ ಹೆಂಡತೀನ್ನ ಕೊಂದದ್ದು ನಿಮ್ಮ ಗಂಟು" ಎಂದೆ. ಪಡಸಾಲೆಯಲ್ಲಿ ಮಾತಾಡಿಸಲು ಬಂದ ಮಂದಿ ಕುಳಿತಿದ್ದರು. ಅವರಿಗೆ ಕೇಳಿಸಲಿ ಎಂದೇ ಹೇಳಿದೆ. ಆ ಮಂದಿ ಆಗಲೇ ತಮ್ಮದೊಂದು ತೀರ್ಮಾನ ಮಾಡಿಕೊಂಡಿದ್ದರು. ಮಿಕ್ಸರಾಯಿತು, ಟಿ.ವಿ. ಆಯಿತು, ಮಷೀನಾಯಿತು, ಈಗ ಅತ್ತೆ. ಯಾರೋ ಒಬ್ಬಾಕೆ ಬೆರಳು ಮಡಚಿ ಎಣಿಸುತ್ತಿದ್ದಳು.

ಸವಿತಾ ಹಿತ್ತಲಲ್ಲಿ ಬಂದವರ ಬಟ್ಟೆಗಳನ್ನು ಕಲ್ಲಿನ ಮೇಲೆ ಒಗೆಯುತ್ತಿದ್ದಳು. ಕಾಡಿಸುವ ಮನಸ್ಸಿರಲಿಲ್ಲ, ಆದರೆ ವರದಿಗೆ ಬೇಕಿತ್ತು. ನೀನು ಆಗ ಎಲ್ಲಿದ್ದೆ ಎಂದು ಕೇಳಿದೆ. ಬಟ್ಟೆ ಕುಕ್ಕುವುದನ್ನು ನಿಲ್ಲಿಸದೆ ಹೇಳಿದಳು.

"ಅಲ್ಲೇ ಇದ್ದೆರಿ. ಬಟ್ಟಿ ಬುಟ್ಟಿ ಹಿಡಕೊಂಡು ನಿಂತಿದ್ದೆ. ಅತ್ತಿ ಒಮ್ಮೆ ಹೂಂ ಅಂದಂಗ ಮಾಡಿದ್ರು. ಕೈ ಬಿಡಲೊಲ್ಲದು. ನಾ ಶೆಡ್ಡಿಗೆ ಓಡಿದೆ. ಹೊಸ್ತಲದಾಗ ನಿಂತು ಒದರಿದೆ. ಮಗ್ಗದ ಸಪ್ಪಳದಾಗ ಕೇಳಲಿಲ್ಲ. ಒಳಗ ಕಾಲಿಟ್ಟೆ. ಮಾವ ನೋಡಿ, 'ಹೊರಗ ನಡಿ, ಒಳಗ್ಯಾಕ ಬಂದಿ' ಅಂತ ಲಾಳಿ ಎತ್ತಿಕೊಂಡ ಬಂದ್ರು. ನಾ ಕೈಮಾಡಿ ತೋರಿಸಿದೆ. ಮತ್ತ ಏನೋ ಸುಟ್ಟಾಳ ಅಂತ ಬೈಕೋತ ನಿಂತ್ರು. ಬೈಯೂದು ಮುಗಿದ ಮ್ಯಾಲ ಬಂದ್ರು."

ಒಳಗೆ ಗೋಡೆಯ ಮೇಲಿದ್ದ ಆ ಹಿಡಿಕೆ ನನ್ನ ಕಣ್ಣ ಮುಂದೆಯೇ ಇತ್ತು. ಬುಟ್ಟಿ ಹಿಡಿದು ಅವಳು ನಿಂತ ಜಾಗದಿಂದ ಅದು ಒಂದು ಮಾರು ದೂರವೂ ಇರಲಿಲ್ಲ. ಕೇಳಬಾರದಿತ್ತೇನೋ, ಕೇಳಿದೆ.

"ಆ ಹಿಡಿಕಿ ಎಳೀಬೇಕಂತ ನಿನಗ ಗೊತ್ತಿರಲಿಲ್ಲೇನವ್ವ?"

"ಗೊತ್ತಿತ್ರಿ. ದಿನಾ ಅತ್ತಿ ಎಳೀತಿದ್ದದ್ದು ನೋಡ್ತಿದ್ದೆ."

"ಮತ್ತ?"

ಆಗ ಅವಳು ಕುಕ್ಕುವುದನ್ನು ನಿಲ್ಲಿಸಿದಳು. ಎರಡೂ ಅಂಗೈ ನೋಡಿಕೊಂಡಳು. ಸೋಡಾ, ಸಾಬೂನಿಗೆ ಬೆಳ್ಳಗೆ ಸುಕ್ಕಾಗಿದ್ದ ಕೈ.

"ನಾ ಅದನ್ನ ಮುಟ್ಟಿದ ಮ್ಯಾಲೂ ಅತ್ತಿ ಸತ್ತಿದ್ರ? ನಾನಽ ಕೊಂದೆ ಅಂತಿದ್ರಿಲ್ಲೋ, ಸಾಹೇಬ್ರ. ಈಗ ಬರೇ ಕಾಲ್ಗುಣ ಅಂತಾರ."

ಇದನ್ನು ಹೇಳಿ ಅವಳು ಅಳಲಿಲ್ಲ. ಮತ್ತೊಂದು ಧೋತರ ನೀರಿಗೆ ಅದ್ದಿದಳು. ಅವಳಿಗೆ ಆ ಕ್ಷಣದಲ್ಲಿ ಅತ್ತೆಯ ಮೇಲೆ ಸಿಟ್ಟಿತ್ತೋ, ಹೆದರಿಕೆಯಿತ್ತೋ, ನನಗೆ ಗೊತ್ತಿಲ್ಲ. ಅವಳಿಗೂ ಗೊತ್ತಿತ್ತೋ ಇಲ್ಲವೋ. ಆದರೆ ಅವಳ ಲೆಕ್ಕ ತಪ್ಪಿರಲಿಲ್ಲ. ಮುಟ್ಟಬೇಡ ಎಂದು ಕಲಿಸಿದವಳು ಗೌರವ್ವ. ಕಲಿತ ಪಾಠವನ್ನು ಹುಡುಗಿ ಅವಳ ಎದುರಿಗೇ ಒಪ್ಪಿಸಿದಳು. ನನಗೆ ಗೌರವ್ವನ ಮೇಲೆ ಕನಿಕರ ಬಂತು. ಅಷ್ಟೇ ಸಿಟ್ಟೂ ಬಂತು. ಎರಡೂ ಒಟ್ಟಿಗೆ ಬಂದದ್ದಕ್ಕೆ ಇವತ್ತಿಗೂ ನಾಚಿಕೆಯಿಲ್ಲ.

ವೈರು, ಗಂಟು, ಚೇಂಜ್‌ಓವರ್ ಎಲ್ಲವನ್ನೂ ಇದ್ದದ್ದು ಇದ್ದಂತೆ ಬರೆದು ಕಳಿಸಿದೆ. ಹಿಡಿಕೆಯ ಬಗ್ಗೆ ನಾನು ಕೇಳಿದ ಪ್ರಶ್ನೆಯನ್ನೂ ಅವಳ ಉತ್ತರವನ್ನೂ ಬರೆಯಲಿಲ್ಲ. ಅದು ಮಷೀನಿನ ದೋಷವಲ್ಲ. ಮಹಾದೇವಪ್ಪನವರಿಗೆ ಕರೆಂಟು ಕದ್ದದ್ದಕ್ಕೆ ದಂಡ ಬಿತ್ತು. ಕಟ್ಟಿದರು. ಮಗ್ಗಗಳು ಮತ್ತೆ ಶುರುವಾದವು.

ಗೌರವ್ವನ ದಿನಕರ್ಮ ಮುಗಿದ ಮೇಲೆ ಸವಿತಾಳನ್ನು ಅನಗವಾಡಿಗೆ ಕಳಿಸಿಬಿಟ್ಟರು. ಈರಣ್ಣ ಬಸ್ಸಿಗೆ ಹತ್ತಿಸಲೂ ಬರಲಿಲ್ಲವಂತೆ. ಇದನ್ನು ನನಗೆ ಹೇಳಿದವನು ಅವಳ ತಂದೆ ಸಂಗಪ್ಪ. ಆ ಬೇಸಿಗೆಯಲ್ಲಿ ಒಂದು ದಿನ ಜಮಖಂಡಿಯ ನಮ್ಮ ಸೆಂಟರಿಗೆ ಬಂದು, ರಿಪೇರಿಗೆ ಏನೂ ತಾರದೆ, ಬೆಂಚಿನ ಮೇಲೆ ಕುಳಿತ. ಮಗಳು ಬಂದ ದಿನ ಸೆಕೆಗೆ ಫ್ಯಾನು ಹಾಕಲು ಎದ್ದಳಂತೆ. ಅವಳ ತಾಯಿ, ಹೆತ್ತ ತಾಯಿ, "ನೀ ಕುಂಡ್ರು, ನಾ ಹಾಕ್ತೀನಿ" ಎಂದು ಓಡಿ ಬಂದಳಂತೆ.

"ಆಕಿ ಕುಂತಳ್ರಿ. ಅವತ್ತಿಂದ ಎದ್ದಽ ಇಲ್ಲ ಸ್ವಿಚ್ ಕಡೆ" ಎಂದ ಸಂಗಪ್ಪ. ಆಮೇಲೆ ಕೇಳಿದ: "ಇದಕ್ಕೇನರೆ ಮಾಡಾಕ ಬರ್ತೈತೇನ್ರಿ ನಿಮ್ಮ ಕಡಿಂದ?"

ನನ್ನ ಕಡೆಯಿಂದ ಏನೂ ಮಾಡಲು ಬರುತ್ತಿರಲಿಲ್ಲ. ಚಹಾ ತರಿಸಿಕೊಟ್ಟೆ, ಕುಡಿದು ಹೋದ.

ಕೆಟ್ಟ ಯಂತ್ರದ ಕಾರಣ ಹುಡುಕುವುದು ಕಷ್ಟವಲ್ಲ, ಮೀಟರು ಹಿಡಿದರೆ ಸಿಗುತ್ತದೆ. ಆದರೆ ಮನೆಯವರು ಕಾರಣವನ್ನು ಮೊದಲೇ ಗೊತ್ತುಮಾಡಿಕೊಂಡು, ಅದಕ್ಕೆ ಹೂಂ ಅನ್ನಿಸಲು ನಮ್ಮನ್ನು ಕರೆದಿರುತ್ತಾರೆ. ಖರೇ ಕಾರಣ ಹೇಳಿ ಬಂದರೆ ನಮ್ಮ ಕೆಲಸ ಮುಗಿಯಿತು ಎಂದು ನಾನು ಬಹಳ ವರ್ಷ ತಿಳಿದಿದ್ದೆ. ಮುಗಿಯುವುದಿಲ್ಲ ಎಂದು ಬನಹಟ್ಟಿ ಕಲಿಸಿತು. ಈಗ ಯಾವ ಮನೆಯಲ್ಲಾದರೂ "ನಮ್ಮ ಸೊಸಿ ಹಾಕಿದ್ಲರಿ, ಆಕೀ ಕೈಯಾಗ ಕೆಟ್ತು" ಎಂಬ ಮಾತು ಕೇಳಿದರೆ ರಿಪೇರಿ ಮುಗಿಸಿದ ಮೇಲೆ ನಾನು ಸ್ವಿಚ್ ಹಾಕುವುದಿಲ್ಲ. ನನ್ನ ಮೆಕ್ಯಾನಿಕ್‌ಗಳಿಗೂ ಹಾಕಗೊಡುವುದಿಲ್ಲ. ಮನೆಮಂದಿಯನ್ನೆಲ್ಲ ಕೂಡಿಸಿ, ಆ ಸೊಸೆಯನ್ನು ಕರೆಸಿ, ಅವಳೇ ಹಾಕಲಿ ಎನ್ನುತ್ತೇನೆ. ಅತ್ತೆ ಅಡ್ಡ ಬರುತ್ತಾಳೆ, ಗಂಡ ನಗುತ್ತಾನೆ, ಹುಡುಗಿ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾಳೆ. ಕೆಲವು ಮನೆಗಳಲ್ಲಿ ಬಹಳ ಹೊತ್ತು ಹಿಡಿಯುತ್ತದೆ. ನಾನು ಕುಳಿತೇ ಇರುತ್ತೇನೆ.